ಉಪಗ್ರಹಕ್ಕೆ ರಂಗೋಲಿ ಬಿಟ್ಟವರು

ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ಮೇಲಿನ ಮಳೆಗಾಲ. ಆಗ ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ, ಹೇಳುವ ಮೊದಲೇ ನನಗೆ ಖುಷಿಯಾಗುತ್ತಿತ್ತು. ಮಣ್ಣಿನಲ್ಲಿ ಎಷ್ಟು ತೇವ ಉಳಿದಿದೆಯೆಂದು ಉಪಗ್ರಹ ಮೇಲಿನಿಂದಲೇ ಅಂದಾಜು ಮಾಡುತ್ತದೆ. ಬಿದ್ದ ಮಳೆ, ಕಾದ ಬಿಸಿಲು, ಮಣ್ಣಿನ ಗುಣ ಎಲ್ಲವನ್ನೂ ಅದಕ್ಕೆ ಸೇರಿಸಿ ಕಂಪ್ಯೂಟರಿನ ಮಾಡೆಲ್ ಒಂದು ನಕ್ಷೆ ಕೊಡುತ್ತದೆ. ಆ ನಕ್ಷೆ ನಿಜ ಹೇಳುತ್ತಿದೆಯೇ ಎಂದು ನೆಲದ ಮೇಲೆ ಹೋಗಿ ನೋಡುವವಳು ನಾನು. ಜಂಗಮಕೋಟೆ ಕಡೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆಳೆದವಳಿಗೆ ಆಕಾಶದ ತಪ್ಪು ತಿದ್ದುವ ಕೆಲಸ. ಕೋಡು ಮೂಡದೆ ಇರುತ್ತದೆಯೇ?

ಉಪಗ್ರಹ ಹಾದುಹೋಗುವ ದಿನವೇ ಹೊಲಕ್ಕೆ ಹೋಗಬೇಕು. ಗಿಡ್ಡ ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಒತ್ತಿ ಮೇಲಿನ ನಾಲ್ಕು ಬೆರಳಿನಷ್ಟು ಮಣ್ಣು ತೆಗೆದು ಡಬ್ಬಿಗೆ ತುಂಬಿ, ಕಚೇರಿಗೆ ತಂದು ತೂಗಬೇಕು. ಓವನ್ನಿನಲ್ಲಿಟ್ಟು ಮಾರನೆಯ ಬೆಳಿಗ್ಗೆ ಮತ್ತೆ ತೂಗಬೇಕು. ಇಳಿದ ತೂಕವೆಷ್ಟೋ ಅಷ್ಟು ನೀರು ಮಣ್ಣಿನಲ್ಲಿತ್ತು ಎಂದರ್ಥ.

ಆ ವರ್ಷ ಗೌರಿಬಿದನೂರು ತಾಲ್ಲೂಕಿನಲ್ಲಿ, ವಿದುರಾಶ್ವತ್ಥದ ಆಚೆಗಿನ ಒಂದು ಊರಿನ ಬಗ್ಗೆ ತಕರಾರು ಎದ್ದಿತು. ಹೋಬಳಿ ಕೇಂದ್ರದ ಮಳೆಮಾಪಕ ಒಳ್ಳೆಯ ಮಳೆಯಾಗಿದೆ ಎನ್ನುತ್ತಿತ್ತು. ನಮ್ಮ ನಕ್ಷೆ ಆ ಊರಿನ ಸುತ್ತ ಕೆಂಪು ಬಳಿದು, ನೆಲ ಒಣಗಿದೆ ಎನ್ನುತ್ತಿತ್ತು. ಸೋಮವಾರ ತಾಲ್ಲೂಕಿನ ಸಭೆ. ನಕ್ಷೆ ನಿಜವಾದರೆ ಊರಿಗೆ ದನದ ಮೇವಿನ ಲಾರಿ ಬರುತ್ತದೆ, ಸುಳ್ಳಾದರೆ ಇಲ್ಲ. ಎಲ್ಲವೂ ನನ್ನ ಐದು ಡಬ್ಬಿ ಮಣ್ಣಿನ ಮೇಲೆ ನಿಂತಿತ್ತು.

ಬುಧವಾರ ಐದು ಹೊಲಗಳಲ್ಲಿ ಕೆಂಪು ಬಟ್ಟೆ ಕಟ್ಟಿದ ಬಿದಿರು ಕೋಲು ನೆಟ್ಟೆ. ಸಂಜೆ ಹಾಲಿನ ಡೈರಿ ಮುಂದೆ ಹೆಂಗಸರೆಲ್ಲ ಕ್ಯಾನು ಹಿಡಿದು ನಿಂತಿದ್ದರು. "ನಾಳೆ ಬೆಳಿಗ್ಗೆ ಸ್ಯಾಟಲೈಟು ನಿಮ್ಮ ಹೊಲ ನೋಡುತ್ತೆ. ಕೋಲಿರೋ ಕಡೆ ನಾನು ಬಂದು ಮಣ್ಣು ತಗೋತೀನಿ" ಎಂದು ದೊಡ್ಡ ದನಿಯಲ್ಲಿ ಸಾರಿದೆ. ಮೇವಿನ ಮಾತು ಎತ್ತಲಿಲ್ಲ. ಸುಮ್ಮನೆ ಆಸೆ ಹುಟ್ಟಿಸಬಾರದೆಂದು ನಮ್ಮ ಮೇಲಧಿಕಾರಿ ಹೇಳಿದ್ದರು.

ಗುರುವಾರ ಹೋಗಿ ನೋಡಿದರೆ ಕೋಲಿನ ಬುಡದ ಮಣ್ಣು ತಣ್ಣಗಿದೆ. ಮುಷ್ಟಿಯಲ್ಲಿ ಹಿಡಿದು ಒತ್ತಿದೆ, ಉಂಡೆ ಕಟ್ಟಿತು. ಐದಕ್ಕೆ ಐದು ಹೊಲದಲ್ಲೂ ಹಾಗೆಯೇ. ಕುರಿಮಂದೆ ತುಳಿದುಹೋದ ಗುರುತು ಬಿಟ್ಟರೆ ಬೇರೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರದ ತಪ್ಪು ಹಿಡಿದೆನಲ್ಲ ಎಂದು ಮೈ ಜುಮ್ಮೆಂದಿತು. ಊರಿನ ಅಂಗಡಿಯಿಂದಲೇ ಮೇಲಧಿಕಾರಿಗೆ ಫೋನು ಮಾಡಿದೆ.

"ನಕ್ಷೆ ಸುಳ್ಳು ಹೇಳ್ತಿದೆ ಸರ್. ನೆಲ ಹಸಿಯಾಗಿದೆ."

"ಓವನ್ನಿಂದ ಬರಲಿ ತಡಿಯಮ್ಮ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸರ್? ಕೈಯಲ್ಲಿ ಹಿಡಿದು ನೋಡಿದೀನಿ."

ಅವರು ನಿಟ್ಟುಸಿರಿಟ್ಟು ಫೋನಿಟ್ಟರು.

ಶುಕ್ರವಾರ ಓವನ್ನಿನ ಬಾಗಿಲು ತೆಗೆದರೆ ಕೋಣೆಯೆಲ್ಲ ಸಗಣಿ ವಾಸನೆ. ಹೊಲಕ್ಕೆ ಗೊಬ್ಬರ ಹಾಕಿರಬೇಕು ಎಂದುಕೊಂಡೆ. ಆದರೆ ಮೂರು ಡಬ್ಬಿಗಳ ಒಣಮಣ್ಣಿನಲ್ಲಿ ಬೆಳ್ಳಗೆ ಏನೋ ಮಿನುಗುತ್ತಿತ್ತು. ಬೆರಳ ನಡುವೆ ಉಜ್ಜಿದೆ. ದಿನಾ ಬೆಳಗಾದರೆ ನಮ್ಮ ಬಾಗಿಲ ಮುಂದೆ ನಾನೇ ಬಿಡುತ್ತಿದ್ದ ರಂಗೋಲಿ ಪುಡಿ ಗುರುತು ಸಿಗದೆ ಇದ್ದೀತೇ? ಬಿದ್ದಂಬೀಳ ಬಸ್ ಸ್ಟ್ಯಾಂಡಿಗೆ ಓಡಿದೆ.

ಮೊದಲನೆಯ ಹೊಲದ ಒಡತಿ ಎರಡು ಹಸು ಸಾಕಿಕೊಂಡಿದ್ದ ಹೆಂಗಸು. ಕೇಳಿದೊಡನೆ ಒಪ್ಪಿಕೊಂಡಳು.

"ಹೂಂ ಕಣಮ್ಮ. ನೋಡಾಕೆ ಬತ್ತಾರೆ ಅಂದ್ಮೇಲೆ ನೆಲಾನ ಹಂಗೇ ಬಿಡ್ತಾರಾ? ಸಂಜೇನೇ ಸಗಣಿ ನೀರು ಹಾಕಿ ಎರಡೆಳೆ ರಂಗೋಲಿ ಬಿಟ್ಟೆ. ಹಾಳು ಕುರಿಗಳು ಬೆಳಿಗ್ಗೆ ಎಲ್ಲಾ ತುಳಿದು ಹಾಕಿದ್ವು."

"ಮಿಕ್ಕಿದ ನಾಲ್ಕು ಹೊಲಕ್ಕೆ?"

"ನಾನೇ ಡೈರಿ ತಾವ ಹೇಳ್ದೆ. ಏಮಮ್ಮಾ, ತಪ್ಪಾಯ್ತಾ?"

ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ತೀರಿಸಿಕೊಳ್ಳಲಿ? ನೋಡಲು ಬರುತ್ತದೆ ಎಂದು ಸಾರಿದವಳು ನಾನು, ಏನು ನೋಡಲು ಎಂದು ಹೇಳದವಳೂ ನಾನೇ. ಮಾಡಿದ್ದುಣ್ಣೋ ಮಹರಾಯ. ಈಗ ಮೇವಿನ ಲಾರಿಯ ವಿಷಯ ಬಿಡಿಸಿ ಹೇಳಿದೆ. ಅವಳ ಮುಖ ಇಳಿದುಹೋಯಿತು. ತಾನೇ ತನ್ನ ಹಸುಗಳ ಬಾಯಿಗೆ ಮಣ್ಣು ಹಾಕಿದೆನೇ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಲಧಿಕಾರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ಭಾನುವಾರ ಉಪಗ್ರಹ ಮತ್ತೆ ಬರುತ್ತದೆ, ಅದೇ ಕೊನೆಯ ಅವಕಾಶ ಎಂದರು.

ಭಾನುವಾರ ಕೋಲುಗಳನ್ನು ಐವತ್ತು ಹೆಜ್ಜೆ ಆಚೆಗೆ ನೆಟ್ಟೆ. ಈ ಸಲ ಕೊಳವೆ ನೆಲಕ್ಕೆ ಇಳಿಯಲೇ ಇಲ್ಲ, ಸುತ್ತಿಗೆಯಲ್ಲಿ ಹೊಡೆಯಬೇಕಾಯಿತು. ಬಂದದ್ದು ಬರೀ ಧೂಳು. ಸೋಮವಾರ ಬೆಳಿಗ್ಗೆ ಸಭೆಗೆ ಎರಡು ಗಂಟೆ ಇರುವಾಗ ಡಬ್ಬಿಗಳನ್ನು ತೂಗಿದೆ. ಮೊದಲನೆಯದರಲ್ಲಿ ತೂಕ ಇಳಿದೇ ಇಲ್ಲ ಎನ್ನುವಷ್ಟು ಕಡಿಮೆ. ಎರಡನೆಯದೂ ಹಾಗೆಯೇ. ಐದನೆಯದರವರೆಗೂ ತೂಗಿ ಬರೆದುಕೊಂಡೆ. ಅಷ್ಟೂ ನಕ್ಷೆಯ ಉತ್ತರದ ಪಕ್ಕದಲ್ಲೇ ಬಂದು ಕೂತವು. ಒಣಗಿದ ನೆಲ ಕಂಡು ನಾನು ಕುಣಿದದ್ದು ಈ ಜನ್ಮದಲ್ಲಿ ಅದೊಂದೇ ಸಲ. ಮೇಲಧಿಕಾರಿ ಹಾಳೆ ತೆಗೆದುಕೊಂಡು, "ನಿಮ್ಮ ಅಂಗೈ ಏನನ್ನುತ್ತಮ್ಮ?" ಎಂದು ನಕ್ಕು ಸಭೆಗೆ ಹೊರಟರು.

ಮುಂದಿನ ವಾರ ಮೇವಿನ ಲಾರಿ ಡೈರಿ ಮುಂದೆ ನಿಂತಾಗ ನಾನೂ ಹೋಗಿದ್ದೆ. ನನ್ನ ಮದುವೆಗೂ ನಾನು ಅಷ್ಟು ಸಡಗರಪಟ್ಟಿರಲಿಲ್ಲ. ಆ ಹೆಂಗಸು ಹುಲ್ಲಿನ ಹೊರೆ ತಲೆಯ ಮೇಲಿಟ್ಟುಕೊಂಡು ನನ್ನ ಹತ್ತಿರ ಬಂದಳು.

"ಅಲ್ಲಮ್ಮ, ಅವತ್ತು ನಾನು ಹಾಕಿದ್ ನೀರು ಮೇಲಿರೋದ್ಕೆ ಕಾಣಿಸ್ತಾ?"

"ಇಲ್ಲಮ್ಮ. ಅದಕ್ಕೆ ನಾಲ್ಕೂರು ಸೇರಿ ಒಂದು ಚುಕ್ಕೆ ಅಷ್ಟೆ. ನೀವು ಚಿಮುಕಿಸಿದ ನೀರು ಎಲ್ಲಿ ಕಾಣುತ್ತೆ?"

ಅವಳು ಹೊರೆಯನ್ನು ಒಂದು ಕೈಯಲ್ಲಿ ಸರಿಮಾಡಿಕೊಂಡಳು.

"ಹಂಗಾರೆ ಆ ಎರಡು ಬಿಂದಿಗೇನ ಹಸಗಳಿಗೇ ಕುಡಿಸಬೋದಿತ್ತು. ಅವತ್ತು ಅವುಕ್ಕೆ ಅಂತ ಇಟ್ಟಿದ್ದೇ ಅಷ್ಟು ಕಣಮ್ಮ."