ಕಷ್ಟ ಬೇಕಾಗಿದೆ

ತನ್ನನ್ನು ತಾನು ಅರಿಯುವುದೇ ಮನುಷ್ಯ ಜನ್ಮದ ಪರಮ ಸಾಧನೆ. ಅದಕ್ಕಾಗಿ ನಮ್ಮ ಹಿಂದಿನವರು ಮನೆ ಬಿಟ್ಟರು, ಊಟ ಬಿಟ್ಟರು, ಗುಹೆ ಸೇರಿದರು. ಈಗ ಅಷ್ಟೆಲ್ಲ ಬೇಕಿಲ್ಲ. ಎರಡು ಪುಟದೊಳಗೆ ಅರಿತುಕೊಂಡು, ಪಿಡಿಎಫ್ ಮಾಡಿ, ಶುಕ್ರವಾರದೊಳಗೆ ಅಪ್‌ಲೋಡ್ ಮಾಡಿದರೆ ಸಾಕು.

ಇದರ ಹೆಸರು ಪರ್ಸನಲ್ ಸ್ಟೇಟ್‌ಮೆಂಟ್. ವಿದೇಶದ ಯೂನಿವರ್ಸಿಟಿಗೆ ಅರ್ಜಿ ಹಾಕುವವರು, ನಾನು ಯಾರು, ನನಗೆ ಈ ಓದು ಯಾಕೆ ಬೇಕು ಎಂದು ತಾವೇ ಬರೆದು ಕಳಿಸಬೇಕಾದ ನಿವೇದನೆ. (ನಾನು ಕಾಲೇಜು ಸೇರುವಾಗ ಗುಮಾಸ್ತರು ಕೇಳಿದ್ದು ಒಂದೇ: "ಫೀಸು ತಂದಿದ್ದೀಯಾ?" ನಾನು ಯಾರೆಂಬ ಕುತೂಹಲ ಅವರಿಗಿರಲಿಲ್ಲ. ಆಮೇಲೂ ಯಾರಿಗೂ ಬಂದಂತಿಲ್ಲ.)

ಕೆಲವು ತಿಂಗಳ ಹಿಂದೆ ಶ್ರೀಪತಿ ರಾಯರು ಮಗಳು ಮೇಧಾಳನ್ನು ಕರೆದುಕೊಂಡು ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಬಂದರು. ರಾಯರು ಉಡುಪಿ ಕಡೆಯವರು. ಠಾಣೆ ಪೂರ್ವದ ಕೋಪರಿಯಲ್ಲಿ ಅವರದೊಂದು ಸಸ್ಯಾಹಾರಿ ಹೋಟೆಲು. ಬಿ.ಎಸ್ಸಿ. ಮುಗಿಸಿದ ಮಗಳು ಜರ್ಮನಿಯಲ್ಲಿ ಆಹಾರ ವಿಜ್ಞಾನ ಓದುತ್ತೇನೆಂದು ಹಟ ಹಿಡಿದಿದ್ದಳು. ಅಲ್ಲಿ ಸೀಟು ಸಿಗದಿದ್ದರೆ ಮದುವೆ ಎಂದು ರಾಯರು ಹೇಳಿಬಿಟ್ಟಿದ್ದರು.

ನನ್ನ ಬಳಿ ಬಂದದ್ದಕ್ಕೆ ಕಾರಣವಿದೆ. ನಮ್ಮ ಕನ್ನಡ ಸಂಘದಲ್ಲಿ ಯಾರಿಗೆ ಸನ್ಮಾನವಾದರೂ ಸನ್ಮಾನ ಪತ್ರ ಬರೆಯುವ ಭಾರ ನನ್ನದು. ರಾಯರಿಗೂ ಬರೆದಿದ್ದೆ. 'ಸರಳ ಸಜ್ಜನ, ಕೊಡುಗೈ ದಾನಿ, ಆತಿಥ್ಯ ಧುರೀಣ' ಎಂಬಿತ್ಯಾದಿ ಹೊಗಳಿಕೆ ಚೌಕಟ್ಟಿನೊಳಗೆ ಸೇರಿ, ಅವರ ಗಲ್ಲಾದ ಹಿಂದೆ ನೇತಾಡುತ್ತಿದೆ.

"ನನಗೆ ಬರೆದ ಹಾಗೆಯೇ ಇವಳಿಗೂ ಒಂದು ಬರೆದುಕೊಡಿ ಮಾರಾಯ್ರೆ. ಜರ್ಮನಿಯವರು ಬೆಚ್ಚಿ ಬೀಳ್ಬೇಕು."

ಬರೆದೆ. ಇಂಗ್ಲಿಷಿನಲ್ಲಿ. 'ಸುಸಂಸ್ಕೃತ ಮನೆತನದಲ್ಲಿ ಜನಿಸಿ, ಹಿರಿಯರ ಆಶೀರ್ವಾದದಿಂದ ಬೆಳೆದ, ಮೃದುಭಾಷಿಯೂ ಬಹುಮುಖ ಪ್ರತಿಭೆಯೂ ಆದ ಈ ಕುಮಾರಿಯು...' ಎಂದು ಆರಂಭ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ನಮ್ಮಲ್ಲಿ ಅಸಭ್ಯವಲ್ಲವೇ? ಆ ಕೆಲಸಕ್ಕೆ ಬೇರೆಯವರಿದ್ದಾರೆ. ಅವರಿಗೆ ಮೈಕು ಕೊಟ್ಟರಾಯಿತು.

ಮೇಧಾ ಓದಿದಳು. "ಅಂಕಲ್, ಯೇ ತೋ ಶಾದಿ ಕಾ ಬಯೋಡೇಟಾ ಹೈ!"

(ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ ಹೊರಬರುತ್ತದೆ. ಇಲ್ಲಿ ಹುಟ್ಟಿದ ಎಲ್ಲರಿಗೂ ಈ ತೊಂದರೆ ಇದೆ.)

ಕೊನೆಗೆ ಮೂವರೂ ನವಿ ಮುಂಬೈಯ ಸೀವುಡ್ಸ್‌ನಲ್ಲಿ ವಿದೇಶದ ಸೀಟು ಕೊಡಿಸುವ ಒಬ್ಬ ಕನ್ಸಲ್ಟೆಂಟ್ ಬಳಿ ಹೋದೆವು. ಟೈ ಕಟ್ಟಿದ ಹುಡುಗ. ಗೋಡೆಯ ತುಂಬ ನಗುವ ವಿದ್ಯಾರ್ಥಿಗಳ ಚಿತ್ರ. (ನಿಜವಾಗಿ ಓದುವವರ ಮುಖ ಹಾಗಿರುವುದಿಲ್ಲ.) ನನ್ನ ಕೃತಿಯನ್ನು ಅವನು ಎರಡು ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟ.

"ಲ್ಯಾಂಗ್ವೇಜ್ ಓಕೆ ಸರ್. ಪರ್ ಸ್ಟ್ರಗಲ್ ಕಿಧರ್ ಹೈ?"

"ಎಂತ ಸ್ಟ್ರಗಲ್?" ರಾಯರು ಕೇಳಿದರು.

"ಹಾರ್ಡ್‌ಶಿಪ್ ಸರ್. ಗರೀಬಿ, ಬೀಮಾರಿ, ಕುಛ್ ಭೀ. ಫಾರಿನ್‌ವಾಲೋಂಕೋ ವಹೀ ಪಸಂದ್ ಹೈ."

ರಾಯರ ಮುಖ ಅರಳಿತು. "ಕಷ್ಟವಾ? ಅದು ಬೇಕಾದಷ್ಟುಂಟು!"

ಶುರುವಾಯಿತು. ಚಿಕ್ಕಂದಿನಲ್ಲಿ ಮುಂಬೈಗೆ ಬಂದದ್ದು, ಕಪ್ಪು-ಬಸಿ ತೊಳೆದದ್ದು, ಹೋಟೆಲಿನ ಮೇಜಿನ ಮೇಲೆ ಮಲಗಿದ್ದು, ನೈಟ್ ಸ್ಕೂಲು, ಶಹಾಡ್‌ನ ಚಾಳಿನಲ್ಲಿ ಸೋರುವ ಖೋಲಿ. ಹುಡುಗ ಭಕ್ತಿಯಿಂದ ಕೇಳಿ, "ಯೇ ತೋ ಆಪ್‌ಕಾ ಹುವಾ ಸರ್. ಬೇಟೀ ಕಾ?" ಎಂದ.

"ಅವಳಿಗೆ ಎಂತಕ್ಕೆ ಕಷ್ಟ? ಅವಳಿಗೆ ಬರ್ಬಾರ್ದು ಅಂತಲೇ ನಾನು ಇಷ್ಟು ವರ್ಷ ಗಲ್ಲಾದಲ್ಲಿ ಕೂತದ್ದಲ್ವಾ?"

ನೋಡಿ ಅನ್ಯಾಯ. ಒಬ್ಬ ಮನುಷ್ಯ ಮಗಳ ದಾರಿಯಿಂದ ಕಲ್ಲುಮುಳ್ಳು ಹೆಕ್ಕುತ್ತ ಜೀವಮಾನ ಕಳೆಯುತ್ತಾನೆ. ಕಡೆಗೆ ಅದೇ ಅವಳ ಅನರ್ಹತೆ! ಬಡತನವನ್ನು ಇಸ್ತ್ರಿ ಮಾಡಿದ ಅಂಗಿಯೊಳಗೆ ಮುಚ್ಚಿಡುವುದರಲ್ಲಿ ನಮ್ಮವರ ಎರಡು ತಲೆಮಾರು ಸವೆಯಿತು. ಈಗ ನೋಡಿದರೆ ಅದೊಂದು ಎಕ್ಸ್‌ಪೋರ್ಟ್ ಕ್ವಾಲಿಟಿಯ ಸರಕು. ಎರಡು ಹೊತ್ತು ಉಂಡು, ಎರಡು ಟ್ಯೂಷನ್ನಿಗೆ ಹೋಗಿ ಬೆಳೆದ ಮಕ್ಕಳು ಏನು ಮಾಡಬೇಕು? ಪಕ್ಕದ ಊರು ಕಲ್ಯಾಣದ ಪರಿಚಿತರೊಬ್ಬರ ಮೊಮ್ಮಗನ ಅರ್ಜಿಯಲ್ಲಿ ಅಜ್ಜ ಹೃದಯಾಘಾತದಿಂದ ತೀರಿಕೊಂಡಿದ್ದಾರೆ. ಮೊನ್ನೆ ಆ ಅಜ್ಜ ನನ್ನೊಡನೆ ಶೇರ್ ರಿಕ್ಷಾದಲ್ಲಿದ್ದರು. ಆರೋಗ್ಯ ಉತ್ತಮ.

ಕನ್ಸಲ್ಟೆಂಟ್ ಪರಿಹಾರ ಸೂಚಿಸಿದ. ಹೇಗೂ ಹೋಟೆಲಿದೆ. ಹುಡುಗಿ ಸ್ಕೂಲು ಬಿಟ್ಟ ಮೇಲೆ ಅಲ್ಲಿ ಪ್ಲೇಟು ತೊಳೆಯುತ್ತಿದ್ದಳು ಎಂದು ಬರೆದರೆ? "ಏಕ್‌ದಂ ಇಮೋಷನಲ್ ಬನೇಗಾ."

ರಾಯರು ಎದ್ದು ನಿಂತರು. "ನನ್ನ ಮಗಳು ಎಂಜಲು ತೆಗೆದಳು ಅಂತ ಬರೆಯುವುದಾ? ನಮ್ಮ ಜನ ಎಂತ ಹೇಳಿಯಾರು? ಅವಳು ಇವತ್ತಿನವರೆಗೆ ನನ್ನ ಅಡುಗೆಕೋಣೆಯ ಹೊಸ್ತಿಲು ಸಹ ದಾಟ್ಲಿಲ್ಲ!"

ಅದು ಸತ್ಯ. ನಮ್ಮ ಹೋಟೆಲಿನವರಲ್ಲಿ ಗಂಡುಮಕ್ಕಳು ಗಲ್ಲಾಕ್ಕೆ. ಹೆಣ್ಣುಮಕ್ಕಳು ಹಬ್ಬದ ದಿನ ಫ್ಯಾಮಿಲಿ ರೂಮಿನಲ್ಲಿ ಕೂತು, ಮಸಾಲೆ ದೋಸೆ ತಿಂದು, ಮುಂಬಾಗಿಲಿನಿಂದಲೇ ಹೊರಡುತ್ತಾರೆ. ಒಳಗಿನ ಹೊಗೆ, ಬೆವರಿದ ಬನಿಯನ್, ಭಟ್ಟರ ಬೈಗುಳ ಅವರ ಕಣ್ಣಿಗೂ ಕಿವಿಗೂ ಬೀಳಬಾರದು. ಇದನ್ನು ಮರ್ಯಾದೆ ಎನ್ನುತ್ತಾರೆ.

"ನೀವು ಬಿಡ್ಲೇ ಇಲ್ಲ, ಪಪ್ಪಾ," ಎಂದಳು ಮೇಧಾ. ಕನ್ನಡದಲ್ಲಿ! ಹವಾಮಾನ ಬದಲಾಗಿತ್ತು.

"ನಾಲ್ಕನೇ ಕ್ಲಾಸಿನಲ್ಲಿ ಕೇಳಿದ್ದೆ, ಇಡ್ಲಿ ಹಿಟ್ಟು ಮೇ ತಿಂಗಳಲ್ಲಿ ಬೇಗ ಹುಳಿ ಬರ್ತದೆ, ಡಿಸೆಂಬರಲ್ಲಿ ಯಾಕೆ ಬರುದಿಲ್ಲ ಅಂತ. ಹೆಣ್ಣುಹುಡುಗಿಗೆ ಅದೆಲ್ಲ ಎಂತಕ್ಕೆ ಅಂದ್ರಿ. ಆಮೇಲೆ ಮನೆಯ ಬಾಲ್ಕನಿಯಲ್ಲಿ ಬಾಟ್ಲಿಯಲ್ಲಿ ಹಿಟ್ಟು ಇಟ್ಟು ನಾನೇ ನೋಡಿದೆ. ಅದನ್ನೇ ಓದ್ಲಿಕ್ಕೆ ಹೋಗ್ತಾ ಇರುದು. ಅಲ್ಲಿ ಕಿಚನ್ ಒಳಗೆ ಬಿಡ್ತಾರಂತೆ."

ಕನ್ಸಲ್ಟೆಂಟ್ ಕುರ್ಚಿಯಲ್ಲಿ ಕುಣಿದ. "ಪರ್ಫೆಕ್ಟ್! ಯಹೀ ತೋ ಸ್ಟ್ರಗಲ್ ಹೈ!"

ರಾಯರು ನಿಧಾನಕ್ಕೆ ಕೂತರು. "ಅಂದ್ರೆ... ಇವಳ ಕಷ್ಟ ಅಂತ ಬರೆಯುವುದು ನನ್ನನ್ನೇ?"

ನಾನು ಗೋಡೆಯ ಮೇಲಿನ ವಿದ್ಯಾರ್ಥಿಗಳನ್ನು ನೋಡಿದೆ. ಅವರು ನಗುತ್ತಲೇ ಇದ್ದರು.

ವಾಪಸು ಬರುವಾಗ ಲೋಕಲ್ ಐರೋಲಿ ದಾಟಿತು. ಆತಿಥ್ಯ ಧುರೀಣರು ಕಿಟಕಿಯ ಕಡೆ ತಿರುಗಿಯೇ ಹೇಳಿದರು: "ಬರೆಯಲಿ. ಸುಳ್ಳೇನಲ್ಲವಲ್ಲ."

ಮೇಧಾ ತಾನೇ ಬರೆದಳು. ಒಂದೂವರೆ ಪುಟ. 'ನನಗೆ ಯಾವ ಕಷ್ಟವೂ ಇರಲಿಲ್ಲ, ಒಂದು ಬಾಗಿಲು ಮಾತ್ರ ಮುಚ್ಚಿತ್ತು' ಎಂದು ಮೊದಲ ಸಾಲು. (ಒಂದೇ ಒಂದು ವಿಶೇಷಣವಿಲ್ಲ. ಸನ್ಮಾನ ಪತ್ರವಾಗಿದ್ದರೆ ನಾನು ವಾಪಸು ಕಳಿಸುತ್ತಿದ್ದೆ.)

ಸೀಟು ಸಿಕ್ಕಿತು. ಜೊತೆಗೊಂದು ಷರತ್ತು: ಕೋರ್ಸ್ ಶುರುವಾಗುವ ಮುನ್ನ ಎಂಟು ವಾರ ಯಾವುದಾದರೂ ಅಡುಗೆಮನೆಯಲ್ಲಿ ದುಡಿದು, ಮಾಲೀಕರ ಸರ್ಟಿಫಿಕೇಟು ತರಬೇಕು. ರಾಯರು ನವಿ ಮುಂಬೈಯಿಂದ ಕಲ್ಯಾಣದವರೆಗೆ ಪರಿಚಯದ ಹೋಟೆಲಿನವರಿಗೆಲ್ಲ ಫೋನ್ ಮಾಡಿದರು. ಎಲ್ಲರೂ ಒಂದೇ ಮಾತು ಹೇಳಿದರು: "ಛೆ, ನಿಮ್ಮ ಮಗಳನ್ನು ಅಡುಗೆಕೋಣೆಗೆ ಬಿಡುವುದುಂಟಾ ರಾಯರೆ?"

ಸೋಮವಾರದಿಂದ ಮೇಧಾ ಕೋಪರಿಯಲ್ಲಿ ಅಪ್ಪನದೇ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಹೋಗುತ್ತಿದ್ದಾಳೆ.