ಚೈನಿನ ಇನ್ನೊಂದು ತುದಿ

ಉಪ್ಪು ತೊಳೆಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಚೈನ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಒದ್ದೆ ಉಪ್ಪನ್ನು ತೊಟ್ಟಿಯಿಂದ ಮೇಲಕ್ಕೆತ್ತುವ ಬುಟ್ಟಿಗಳ ಸಾಲನ್ನು ಎಳೆಯುತ್ತಿದ್ದುದು ನಾಲ್ಕು ಮೀಟರಿನ ಒಂದು ರೋಲರ್ ಚೈನು. ಅದು ನಿಂತರೆ ಕಾರ್ಖಾನೆಯೇ ನಿಂತ ಹಾಗೆ. ಅದನ್ನು ಆರಿಸುವುದು, ತೊಳೆಯುವುದು, ಎಣ್ಣೆ ಬಿಡುವುದು, ಅಳೆಯುವುದು, ಇಷ್ಟೂ ಇಪ್ಪತ್ತೆರಡು ವರ್ಷಗಳಿಂದ ಅವನ ಕೆಲಸ.

ಅಲ್ಲಿನ ಉಪ್ಪಿಗೆ ಬಾಯಿಗೆ ಸಿಕ್ಕಿದ್ದೆಲ್ಲ ಊಟವೇ. ಬಾಗಿಲ ಕೀಲು, ಬೀಗ, ಕಿಟಕಿಯ ಸರಳು, ಕೊನೆಗೆ ವಾಚ್‌ಮನ್ನನ ಸೈಕಲ್ಲನ್ನೂ ಬಿಟ್ಟಿರಲಿಲ್ಲ. ಮಾಮೂಲಿ ಕಬ್ಬಿಣದ ಚೈನು ಹಾಕಿದರೆ ಕೆಲವೇ ವಾರಗಳಲ್ಲಿ ಕೆಂಪು ಪುಡಿ ಉದುರುತ್ತಿತ್ತು. ಹಾಗಾಗಿ ಮೇಸ್ತ್ರಿಯ ಅಂಗಿ ಜೇಬಿನಲ್ಲಿ ಯಾವಾಗಲೂ ಗುಂಡಿಯಷ್ಟು ದೊಡ್ಡದೊಂದು ಅಯಸ್ಕಾಂತ ಇರುತ್ತಿತ್ತು. ಸ್ಟೇನ್‌ಲೆಸ್ ಎಂದು ಯಾರು ಏನು ತಂದರೂ ಮೊದಲು ಅದನ್ನು ತಾಗಿಸಿ ನೋಡುವನು. ಗಟ್ಟಿಯಾಗಿ ಅಂಟಿತೋ, ಇದು ಉಪ್ಪಿಗೆ ತಡೆಯದ ಜಾತಿಯೆಂದು ಮೂಗು ಮುರಿಯುವನು.

ಹಿಂದಿನ ವರ್ಷ ಹೊಸದಾಗಿ ಬಂದ ಎಂಜಿನಿಯರಮ್ಮ ಒಂದು ತುಂಡು ಚೈನು ತಂದು ಮೇಜಿನ ಮೇಲಿಟ್ಟಳು.

"ಮೇಸ್ತ್ರಿ, ಇದು ನೀವು ಹಾಕೋದಕ್ಕಿಂತ ಎಷ್ಟೋ ಗಟ್ಟಿ."

ಮೇಸ್ತ್ರಿ ಅಯಸ್ಕಾಂತ ತಾಗಿಸಿದ. ಟಕ್ಕೆಂದು ಹಿಡಿಯಿತು.

"ಗಟ್ಟಿ ಇದೆ, ಇಲ್ಲ ಅನ್ನಲ್ಲ ಮೇಡಂ. ಆದ್ರೆ ಉಪ್ಪಿಗೆ ತಡೆಯಲ್ಲ. ಅಯಸ್ಕಾಂತ ಹಿಡೀದೇ ಇರೋ ಜಾತೀದೇ ಇರ್ಲಿ. ಅದು ಸ್ವಲ್ಪ ಮೆದು, ಅದಕ್ಕೆ ಒಂದು ಸೈಜು ದೊಡ್ಡದು ಹಾಕೋಣ. ಎರಡು ವರ್ಷ ಬರುತ್ತೆ."

"ಬರದಿದ್ರೆ?"

"ಬರದಿದ್ರೆ ಇನ್ಮೇಲೆ ಚೈನಿನ ವಿಷಯ ನನ್ನ ಕೇಳ್ಬೇಡಿ."

ಹಾಗೆ ಹೇಳಬಾರದಿತ್ತು. ಚೈನಿನ ವಿಷಯ ಕೇಳುವುದನ್ನು ಬಿಟ್ಟರೆ ಅವನನ್ನು ಇನ್ನೇನಾದರೂ ಕೇಳುವವರು ಈ ಭೂಮಿಯ ಮೇಲೆ ಉಳಿದಿರಲಿಲ್ಲ. ಹೆಂಡತಿ ತೀರಿಕೊಂಡು ಆಗಲೇ ಒಂದು ವರ್ಷ ದಾಟಿತ್ತು, ಮಕ್ಕಳಿರಲಿಲ್ಲ. ಮನೆಯೆಂದರೆ ಒಂದು ಒಲೆ, ಒಂದು ಮಂಚ ಮತ್ತು ಅವನೇ ತೆಗೆದು ಅವನೇ ಹಾಕುವ ಒಂದು ಬೀಗ.

ಇಲ್ಲಿ ಅಳತೆಯ ಸಂಗತಿ ಹೇಳಿಬಿಡಬೇಕು. ತಿಂಗಳಿಗೊಮ್ಮೆ ಚೈನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಅಳತೆ ಪಟ್ಟಿ ಹೊಡೆದ ಉದ್ದನೆಯ ಮೇಜಿನ ಮೇಲೆ ಚಾಚಿ ಬಿಗಿಯಾಗಿ ಎಳೆಯಬೇಕು. ಸವೆದ ಚೈನು ಉದ್ದವಾಗುತ್ತದೆ. ಮೀಟರಿಗೆ ಒಂದೂವರೆ ಸೆಂಟಿಮೀಟರು ಬೆಳೆಯಿತೆಂದರೆ ಅದರ ಆಯುಸ್ಸು ಮುಗಿಯಿತು. ಎಳೆಯಲು ಇಬ್ಬರು ಬೇಕು. ಇಪ್ಪತ್ತು ವರ್ಷ ಆ ಇನ್ನೊಂದು ತುದಿ ಹಿಡಿದವನು ಹೆಂಡತಿಯ ತಮ್ಮ. ಅಳತೆ ಮುಗಿದ ಕ್ಷಣವೇ ಒಬ್ಬ ಸದ್ದಿಲ್ಲದೆ ಕೈಬಿಡುವುದು, ಇನ್ನೊಬ್ಬ ತೂರಾಡಿ ಹಿಂದಿನ ಉಪ್ಪಿನ ಮೂಟೆಗಳ ಮೇಲೆ ಕೂರುವುದು ಅವರಿಬ್ಬರ ಆಟ. ಸಂಜೆ ಮೇಸ್ತ್ರಿ ಮನೆಗೆ ಕಾಲಿಟ್ಟರೆ ಹೆಂಡತಿ ಒಳಗಿನಿಂದಲೇ ಕೇಳುತ್ತಿದ್ದಳು, "ಇವತ್ತು ಯಾರು ಮೊದ್ಲು ಬಿಟ್ಟಿದ್ದು?"

ಅವಳು ಹೋದ ಮೇಲೆ ಭಾವ ಭಾವಮೈದರ ನಡುವೆ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ತಮ್ಮನ ನಗು ಥೇಟ್ ಅಕ್ಕನದು, ಅದನ್ನು ಕೇಳಲು ಮೇಸ್ತ್ರಿಗೆ ಆಗುತ್ತಿರಲಿಲ್ಲ. ಅವನು ಮುಖ ತಿರುಗಿಸುವುದನ್ನು ಕಂಡ ಭಾವಮೈದ ತಾನಾಗಿ ಕೇಳಿಕೊಂಡು ಪ್ಯಾಕಿಂಗ್ ಶೆಡ್ಡಿಗೆ ಹೋದ. ಆಮೇಲೆ ಇಬ್ಬರೂ ಒಂದೇ ಗೇಟಿನಲ್ಲಿ ಐದು ನಿಮಿಷದ ಅಂತರ ನೋಡಿಕೊಂಡು ಒಳಗೆ ಬರುತ್ತಿದ್ದರು. ಮೇಸ್ತ್ರಿ ಮೇಜಿನ ತುದಿಯ ಗೋಡೆಗೆ ಒಂದು ದಪ್ಪ ಮೊಳೆ ಹೊಡೆದ. ಇನ್ನೊಂದು ತುದಿಯನ್ನು ಇನ್ನು ಮೊಳೆ ಹಿಡಿಯುತ್ತದೆ, ಯಾರ ಹಂಗೂ ಬೇಡ ಎಂದುಕೊಂಡ.

ಎರಡು ವರ್ಷ ಬರುತ್ತದೆಂದು ಮೇಸ್ತ್ರಿ ಹೇಳಿ ಹಾಕಿಸಿದ ಚೈನು ಹತ್ತನೇ ತಿಂಗಳಲ್ಲಿ ಹಾಡುಹಗಲೇ ತುಂಡಾಯಿತು. ಬುಟ್ಟಿಗಳು ದಡದಡನೆ ತೊಟ್ಟಿಗೆ ಬಿದ್ದವು. ಅದೃಷ್ಟಕ್ಕೆ ಕೆಳಗೆ ಯಾರೂ ಇರಲಿಲ್ಲ.

ಮೇಸ್ತ್ರಿ ತುಂಡನ್ನು ತೊಳೆದು ಕಿಟಕಿಯ ಬೆಳಕಿಗೆ ಹಿಡಿದ. ಉಳಿದ ಕೊಂಡಿಗಳೆಲ್ಲ ಹೊಸ ಚಮಚದಂತೆ ಬೆಳ್ಳಗಿದ್ದವು. ಚೈನಿನ ಎರಡು ತುದಿ ಸೇರುವ ಜೋಡಣೆಯ ಪಕ್ಕದ ಒಂದೇ ಒಂದು ಕೊಂಡಿಯ ಒಳಮೈಯಲ್ಲಿ ಕೆಂಪು ಕಲೆ, ಕಲೆಯ ನಡುವೆ ಸೂಜಿ ಚುಚ್ಚಿದಂಥ ತೂತುಗಳು, ಅಲ್ಲಿಂದಲೇ ಸೀಳು. ತಲೆ ಎತ್ತಿದರೆ ಎದುರಿಗೆ ಮೊಳೆ. ಅದರಿಂದ ಗೋಡೆಯುದ್ದಕ್ಕೂ ಕೆಂಪು ಸೋರಿತ್ತು. ಪ್ರತಿ ತಿಂಗಳೂ ಅದೇ ಕೊಂಡಿಯನ್ನು ಆ ಮೊಳೆಗೆ ಸಿಕ್ಕಿಸಿ ಎಳೆದದ್ದಲ್ಲದೆ, ವಾರದ ರಜೆಗಳಲ್ಲೂ ತೊಳೆದ ಚೈನನ್ನು ಒಣಗಲೆಂದು ಒದ್ದೆಯಾಗಿಯೇ ಅಲ್ಲಿ ನೇತುಹಾಕುತ್ತಿದ್ದ. ಮೊಳೆಯ ತುಕ್ಕು ಕೊಂಡಿಗೆ ಉಜ್ಜಿಕೊಂಡಿತ್ತು, ಉಳಿದದ್ದನ್ನು ಉಪ್ಪು ನೋಡಿಕೊಂಡಿತ್ತು. ಕಂಡ ಕಂಡ ಚೈನಿಗೆಲ್ಲ ಅಯಸ್ಕಾಂತ ಹಿಡಿದ ಮಹಾನುಭಾವ ತಾನೇ ಹೊಡೆದ ಮೊಳೆಗೆ ಮಾತ್ರ ಹಿಡಿದಿರಲಿಲ್ಲ.

ಎಂಜಿನಿಯರಮ್ಮ ಬಂದಳು. ಪಾಪ, ಅವಳೇ ದಾರಿ ತೋರಿಸಿದಳು.

"ಮಾಲೇ ಸರಿ ಇಲ್ಲ ಅಲ್ವಾ? ಮಾರಿದವರಿಗೆ ವಾಪಸ್ ಕಳಿಸಿಬಿಡೋಣ."

ಹ್ಞೂಂ ಎಂದಿದ್ದರೆ ಮುಗಿದಿತ್ತು, ಅವನ ಮಾತೂ ಉಳಿಯುತ್ತಿತ್ತು. ಹ್ಞೂಂ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಹಾಗೆಂದರೆ ಮುಂದೆ ಈ ಜಾತಿಯ ಚೈನನ್ನೆಲ್ಲ ಜನ ಕೆಟ್ಟ ಮಾಲೆಂದೇ ನೋಡುತ್ತಾರೆ, ಅಯಸ್ಕಾಂತ ಹಿಡಿಯುವ ಜಾತಿಯೇ ಬಂದು ಕೂರುತ್ತದೆ.

"ಮಾಲು ಚೆನ್ನಾಗೇ ಇದೆ ಮೇಡಂ. ಹಾಳು ಮಾಡಿದ್ದು ನಾನು. ಆ ಮೊಳೆಗೆ ಹಾಕ್ತಿದ್ದೆ."

ಅವಳು ಮೊಳೆಯನ್ನೂ ಅವನನ್ನೂ ನೋಡಿದಳು. "ಯಾಕೆ, ಹಿಡ್ಕೊಳ್ಳೋಕೆ ಯಾರೂ ಇರ್ಲಿಲ್ವಾ?"

"ಇದ್ದ. ನಾನೇ ಕರೀಲಿಲ್ಲ."

ಅವನ ಕಣ್ಣು ತುಂಬಿದ್ದು ಅವಳಿಗೆ ಕಂಡಿತು. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

"ಅದೇ ಚೈನು ಇನ್ನೊಂದು ತರಿಸ್ತೀನಿ. ಆದ್ರೆ ಅಳತೆಗೆ ಇಬ್ಬರು ಇರ್ಬೇಕು. ಯಾರನ್ನ ಅಂತ ನೀವೇ ಹೇಳಿ."

ಹೊಸ ಚೈನು ಬಂದ ದಿನ ಮೇಸ್ತ್ರಿ ಇಕ್ಕಳ ಹಿಡಿದು ಮೊಳೆ ಕಿತ್ತುಹಾಕಿದ. ಆಮೇಲೆ ಪ್ಯಾಕಿಂಗ್ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತ. ಭಾವಮೈದನೇ ನೋಡಿ, ಕೈಲಿದ್ದ ಚೀಲ ಕೆಳಗಿಟ್ಟು, ಹಿಂದೆಯೇ ಬಂದ. ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು.

ಇಬ್ಬರೂ ಚೈನು ಹಿಡಿದು ಎಳೆದರು.

"ಬಿಗಿ ಸಾಕಾ ಭಾವ?"

"ಸಾಕು."

ಮೇಸ್ತ್ರಿ ಬಗ್ಗಿ ಅಂಕಿ ಓದಿಕೊಂಡು ನೆಟ್ಟಗಾಗುವಷ್ಟರಲ್ಲಿ ಆ ಕಡೆಯ ಕೈ ಬಿಟ್ಟಿತು. ಅವನು ಎರಡು ಹೆಜ್ಜೆ ತೂರಾಡಿ ಮೂಟೆಗಳ ಮೇಲೆ ಕುಸಿದ. ಭಾವಮೈದ ನಕ್ಕ, ಅದೇ ನಗು. ಮೇಸ್ತ್ರಿಯೂ ನಕ್ಕ. ಆಮೇಲೆ ಇಬ್ಬರಿಗೂ ಅವಳದೇ ನೆನಪಾಗಿರಬೇಕು, ನಗು ಒಟ್ಟಿಗೇ ನಿಂತಿತು. ಭಾವಮೈದ ಕೈ ಒರೆಸಿಕೊಂಡು ಶೆಡ್ಡಿಗೆ ಹೊರಟುಹೋದ.

ಸಂಜೆ ಮೇಸ್ತ್ರಿ ಬೀಗ ತೆಗೆದು ಮನೆಯೊಳಗೆ ಕಾಲಿಟ್ಟ. ಪ್ಯಾಂಟಿಗೆ ಹತ್ತಿದ್ದ ಉಪ್ಪನ್ನು ಹೊಸ್ತಿಲಾಚೆ ಕೊಡವಿದ. ಒಳಗಿನ ಕಡೆ ಮುಖ ಮಾಡಿ, "ಇವತ್ತು ನಿನ್ನ ತಮ್ಮನೇ ಮೊದ್ಲು ಬಿಟ್ಟಿದ್ದು" ಎಂದ. ಒಳಗಿನಿಂದ ಯಾರೂ ಏನೂ ಕೇಳಿರಲಿಲ್ಲ.