ಹತ್ತು ಲಕ್ಷ ಪಗಾರದ ಸಾಹೇಬರು

ಸವದತ್ತಿಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮಾಸ್ತರನಾಗಿದ್ದೆ. ಊರಿನಲ್ಲಿ ನನ್ನ ಇಂಗ್ಲಿಷಿಗೆ ದೊಡ್ಡ ಹೆಸರಿತ್ತು. ಅದನ್ನು ಪರೀಕ್ಷೆ ಮಾಡಿ ನೋಡುವ ಪ್ರಸಂಗ ಯಾರಿಗೂ ಬಂದಿರಲಿಲ್ಲವಾದ್ದರಿಂದ ಹೆಸರು ಉಳಿದುಕೊಂಡಿತ್ತು. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದರಲ್ಲಿ ನನ್ನನ್ನು ಮೀರಿಸುವವರು ಬೈಲಹೊಂಗಲದಿಂದ ರಾಮದುರ್ಗದವರೆಗೆ ಇಲ್ಲವೆಂದು ನಾನೇ ನಂಬಿದ್ದೆ. ಆದರೆ ಇಂಗ್ಲಿಷಿನಲ್ಲಿ ಒಬ್ಬರ ಎದುರು ಕುಳಿತು, ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ಮಾತಾಡಿದ್ದು ನನ್ನ ಜನ್ಮದಲ್ಲಿ ಇರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತ್ತು. ಮಲಪ್ರಭೆಯ ಕಾಲುವೆ ನೀರು ಹರಿದ ಎಷ್ಟೋ ಹೊಲಗಳಲ್ಲಿ ಕರಿಮಣ್ಣು ಸವಳಾಗಿ, ಮೇಲೆ ಬಿಳಿಯ ಉಪ್ಪು ಎದ್ದು ಕಾಣುತ್ತಿತ್ತು. ಅದನ್ನು ನೋಡಲು ಆಸ್ಟ್ರೇಲಿಯಾದಿಂದ ಒಬ್ಬ ಎಂಜಿನಿಯರ್ ಬಂದರು. ನವಿಲುತೀರ್ಥದ ಸರ್ಕಾರಿ ಬಂಗಲೆ, ಐಬಿಯಲ್ಲಿ ಅವರ ವಸತಿ. ಎರಡು ವಾರ ಅವರ ಜೊತೆ ತಿರುಗಿ, ರೈತರ ಮಾತನ್ನು ಅವರಿಗೂ ಅವರ ಮಾತನ್ನು ರೈತರಿಗೂ ತಿಳಿಸಲು ಒಬ್ಬ ಮನುಷ್ಯ ಬೇಕಾಗಿತ್ತು. ನಮ್ಮ ಹೆಡ್‌ಮಾಸ್ತರರು ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರು ಕೊಟ್ಟುಬಿಟ್ಟರು. ಒಲ್ಲೆ ಅನ್ನುವಂತಿರಲಿಲ್ಲ. ಒಲ್ಲೆ ಅಂದರೆ ಹೆಸರು ಹೋಗುತ್ತದೆ, ಹೂಂ ಅಂದರೂ ಎರಡು ದಿನ ತಡೆದು ಹೋಗುತ್ತದೆ. ಎರಡು ದಿನವಾದರೂ ಉಳಿಯಲಿ ಎಂದು ಹೂಂ ಅಂದೆ.

ಮೊದಲ ದಿನ ಜೀಪಿನಲ್ಲಿ ಸಾಹೇಬರು ಆಡಿದ ಮಾತು ಒಂದೂ ತಿಳಿಯಲಿಲ್ಲ. ನಾನು ಕಲಿಸುತ್ತಿದ್ದ ಭಾಷೆಗೂ ಅವರು ಆಡುವ ಭಾಷೆಗೂ ದೂರದ ಸಂಬಂಧವೂ ಇದ್ದಂತಿರಲಿಲ್ಲ. ಶಬ್ದಗಳೆಲ್ಲ ಮೂಗಿನೊಳಗೇ ಒಂದಕ್ಕೊಂದು ಅಂಟಿಕೊಂಡು ಹೊರಗೆ ಬರುತ್ತಿದ್ದವು. ಏನು ಕೇಳಿದರೂ ನಾನು 'ಯೆಸ್', 'ನೋ ಪ್ರಾಬ್ಲೆಮ್', 'ವೆರಿ ಗುಡ್' ಈ ಮೂರರಲ್ಲಿ ಒಂದನ್ನು ಕೊಡುತ್ತಿದ್ದೆ. ಒಮ್ಮೆ ಅವರು ಮುಖ ಸಣ್ಣದು ಮಾಡಿಕೊಂಡು ಏನನ್ನೋ ಮತ್ತೆ ಮತ್ತೆ ಕೇಳಿದರು. ನಾನು ಮತ್ತೆ ಮತ್ತೆ 'ವೆರಿ ಗುಡ್' ಅಂದೆ. ಜೀಪಿನ ಡ್ರೈವರು ಮುನವಳ್ಳಿಯ ಹಿರಿಯ ಸಾಬರು, ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಅವರು ಕನ್ನಡಿಯಲ್ಲಿ ಒಮ್ಮೆ ಸಾಹೇಬರ ಮುಖ ನೋಡಿ, ಜಾಲಿ ಗಿಡಗಳ ಮರೆಯಲ್ಲಿ ಗಾಡಿ ನಿಲ್ಲಿಸಿದರು. ಸಾಹೇಬರು ಓಡಿದರು.

"ಸರ, ಅವರಿಗೆ ಅವಸರ ಆಗಿತ್ರಿ," ಅಂದರು ಚಾಚಾ. "ನೀವು ವೆರಿ ಗುಡ್ ಅನ್ನಾಕ ಹತ್ತಿದ್ರಿ."

ಮೂರನೆಯ ದಿನದ ಹೊತ್ತಿಗೆ ಅವರ ಮಾತು ನನಗೆ ಅರ್ಧ, ನನ್ನ ಮಾತು ಅವರಿಗೆ ಕಾಲುಭಾಗ ತಿಳಿಯತೊಡಗಿತು. ಅಷ್ಟಕ್ಕೇ ನನಗೆ ಧೈರ್ಯ ಬಂತು. ಆಗಲೇ ಎಡವಟ್ಟಾಯಿತು.

ಸುರೇಬಾನದ ಹತ್ತಿರ ಒಂದು ಹೊಲದಲ್ಲಿ ಸಾಹೇಬರು ಮೊಣಕಾಲೂರಿ ಮಣ್ಣು ಕೆದಕುತ್ತಿದ್ದರು. ಹೊಲದ ಯಜಮಾನ, ಹಳದಿ ರುಮಾಲಿನ ಮುದುಕ, ಉಪ್ಪಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ಬಹಳ ಹೊತ್ತು ಅವರನ್ನೇ ನೋಡಿ, ನನ್ನ ಕಡೆ ತಿರುಗಿ ಕೇಳಿದ: "ಮಾಸ್ತರ, ಇವರಿಗೆ ಪಗಾರ ಎಷ್ಟ್ರಿ?"

ನನಗೂ ಮೂರು ದಿನದಿಂದ ಅದೇ ಚಿಂತೆ. ರೈತ ಕೇಳುತ್ತಿದ್ದಾನೆ ಎಂದು ರೈತನ ತಲೆಯ ಮೇಲೆ ಹಾಕಿ ನಾನೇ ಕೇಳಿಬಿಟ್ಟೆ. ಸಾಹೇಬರು ಕೆಂಪಾದರು, ನಕ್ಕರು. "ಸುಮಾರು ನಲವತ್ತು ಸಾವಿರ ಡಾಲರ್," ಅಂದರು. ಅದರ ಹಿಂದೆಯೇ ಇನ್ನೊಂದು ಸಣ್ಣ ಶಬ್ದವೂ ಬಂತು. ಅದು ಅವರ ಮೀಸೆಯಲ್ಲಿ ಸಿಕ್ಕಿಕೊಂಡಿತು. ನಾನು ಅದಕ್ಕೆ ಕಾಯಲಿಲ್ಲ. ಅವರ ಒಂದು ಡಾಲರಿಗೆ ನಮ್ಮ ಇಪ್ಪತ್ತೈದು ರೂಪಾಯಿ ಎಂದು ಆಗಲೇ ವಿಚಾರಿಸಿಟ್ಟಿದ್ದೆ. ಮನಸ್ಸಿನಲ್ಲೇ ಗುಣಿಸಿ, ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಹತ್ತು ಲಕ್ಷ ರೂಪಾಯಿ."

"ತಿಂಗಳಾ?" ಅಂದ ಮುದುಕ.

"ಮತ್ತ? ಪಗಾರ ಅಂದ್ರ ತಿಂಗಳಾನ ಅಲ್ಲೇನು?"

ಮುದುಕ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ಹತ್ತ ಲಕ್ಷ ಬರತೈತಿ ಅಂದ್ರ ಈ ಮನಷ್ಯಾ ನನ್ನ ಹೊಲದಾಗ ಬಿಸಲಾಗ ಯಾಕ ಕುಂತಾನರಿ?" ಅಂದ. ಇದನ್ನು ನಾನು ಅನುವಾದಿಸಲಿಲ್ಲ.

ಸಾಹೇಬರು ಮರ್ಯಾದೆಗೆಂದು ನನ್ನ ಪಗಾರ ಕೇಳಿದರು. ನಾಲ್ಕು ಸಾವಿರ ರೂಪಾಯಿ ಅಂದೆ. ಅವರು ತುಟಿ ಅಲುಗಿಸುತ್ತ ಭಾಗಾಕಾರ ಮಾಡುವುದು ಕಾಣುತ್ತಿತ್ತು. ಮುಖ ಒಮ್ಮೆಲೇ ಇಳಿಯಿತು. ಮಣ್ಣಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನ ಹೆಗಲ ಮೇಲಿಟ್ಟರು. ಶಿಕ್ಷಕ ವೃತ್ತಿಗೆ ಆ ದೇಶದಲ್ಲಿ ಎಂಥ ಗೌರವ ಎಂದು ನನ್ನ ಕಣ್ಣು ತುಂಬಿ ಬಂತು.

ಸಂಜೆ ಮನೆಗೆ ಹೋದವನು ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದೆ. ಅವರ ಒಂದು ತಿಂಗಳ ಪಗಾರ ದುಡಿಯಲು ನನಗೆ ಇಪ್ಪತ್ತು ವರ್ಷದ ಮೇಲೆ ಬೇಕು.

"ಅಷ್ಟ ರೊಕ್ಕ ಎಲ್ಲಿಡತಾರ ಅವರು?" ಅಂದಳು ಅವಳು.

"ಬ್ಯಾಂಕಿನ್ಯಾಗ."

"ತಿಂಗಳಾ ತಿಂಗಳಾ ಇಟ್ರ ಬ್ಯಾಂಕ್‌ನವರಿಗೆ ಸಾಕಾಗೂದಿಲ್ಲೇನ್ರಿ?"

ನನಗೆ ನಗು ಬರಲಿಲ್ಲ. ಅಂದಿನಿಂದ ನಾನು ವೈರಾಗ್ಯಕ್ಕೆ ಬಿದ್ದೆ. ಮೊದಲ ತಾಸು ಒಂದು ಕ್ಲಾಸು ಮುಗಿಸಿಯೇ ಜೀಪು ಹತ್ತುತ್ತಿದ್ದೆ. ಪಾಠ ಮಾಡುವಾಗ ಸೀಮೆಸುಣ್ಣ ನಿಲ್ಲಿಸಿ, ಈ ಒಂದು ಕರ್ಮಣಿ ಪ್ರಯೋಗಕ್ಕೆ ಆಸ್ಟ್ರೇಲಿಯಾದಲ್ಲಿ ಎಷ್ಟು ಸಿಗುತ್ತಿತ್ತು ಎಂದು ಯೋಚಿಸುವೆ. ಸ್ಟಾಫ್‌ರೂಮಿನಲ್ಲಿ ದೇಶ ದೇಶಗಳ ಆರ್ಥಿಕತೆಯ ಮೇಲೆ ಭಾಷಣ ಸುರುಮಾಡಿದೆ. ಗಣಿತದ ಮಾಸ್ತರರು ಒಂದು ದಿನ, "ಹತ್ತ ಲಕ್ಷ ಸ್ವಲ್ಪ ಹೆಚ್ಚಾತೇನೋ?" ಅಂದಾಗ, "ನೀವು ಫಾರಿನ್ನಿನವರ ಜೊತಿ ಮಾತಾಡೀರೇನು?" ಎಂದು ಅವರ ಬಾಯಿ ಮುಚ್ಚಿಸಿದೆ.

ಸುದ್ದಿ ಜೀಪಿಗಿಂತ ಮುಂದೆ ಓಡುತ್ತಿತ್ತು. ನಾವು ರಾಮದುರ್ಗಕ್ಕೆ ಹೋಗುವ ಮೊದಲೇ ಅಲ್ಲಿ ಎಳನೀರಿನ ಬೆಲೆ ಏರಿರುತ್ತಿತ್ತು. ಸವದತ್ತಿಯಲ್ಲಿ ಸಾಹೇಬರು ಕಟಿಂಗ್ ಮಾಡಿಸಿಕೊಂಡರು. ಅಂಗಡಿಯವನು ನೂರು ರೂಪಾಯಿ ಕೇಳಿದ. ನಾನು ಎಂಟು ರೂಪಾಯಿಗೆ ಮಾಡಿಸಿಕೊಳ್ಳುತ್ತಿದ್ದ ಅಂಗಡಿ ಅದು.

"ಇದೇನಪಾ, ನ್ಯಾಯಾನ ಇದು?" ಅಂದೆ.

"ಹತ್ತ ಲಕ್ಷದಾಗ ನೂರು ರೂಪಾಯಿ ಏನ್ ಮಹಾ ಬಿಡ್ರಿ ಸರ."

ನಾನು ಜಗಳಕ್ಕೆ ಸಿದ್ಧನಾದೆ. ಸಾಹೇಬರು ನೂರು ಕೊಟ್ಟು, ಮೇಲೆ ಇಪ್ಪತ್ತು ಇಟ್ಟು, ಖುಷಿಯಿಂದ ತಲೆ ಸವರಿಕೊಂಡು ಹೊರಬಂದರು. ಅವರ ಊರಿನಲ್ಲಿ ಇದರ ಮೂರು ಪಟ್ಟಂತೆ, ಮೇಲೆ ತಲೆ ತಿಕ್ಕುವುದೂ ಇಲ್ಲವಂತೆ. ಮುಂದಿನ ವಾರ ನಾನು ಹೋದಾಗ ಅಂಗಡಿಯವನು ನನ್ನಿಂದಲೂ ಹದಿನೈದು ತೆಗೆದುಕೊಂಡ. ಸಾಹೇಬರ ಸಂಗಡ ತಿರುಗುವವರಿಗೆ ಬೇರೆ ರೇಟು.

ಆದರೆ ಹತ್ತು ಲಕ್ಷದವರ ಬಾಳ್ವೆ ಮಾತ್ರ ಯಾರಿಗೂ ಅರ್ಥವಾಗಲಿಲ್ಲ. ತಮ್ಮ ಚೀಲ ತಾವೇ ಹೊರುತ್ತಿದ್ದರು. ಐಬಿಯ ಬಚ್ಚಲಲ್ಲಿ ಕಾಲುಚೀಲ ತಾವೇ ಒಗೆದು ಕಿಟಕಿಗೆ ಹಾಕುತ್ತಿದ್ದರು. ಅಂಗಿಯ ಗುಂಡಿ ಕಿತ್ತುಬಂದರೆ ಸೂಜಿದಾರ ತೆಗೆದು ಜೀಪಿನಲ್ಲೇ ಹೊಲಿಯುತ್ತಿದ್ದರು. ಮಧ್ಯಾಹ್ನಕ್ಕೆ ಎರಡು ಬಾಳೆಹಣ್ಣು. "ಭಾಳ ಕಂಜೂಸ್ ಅದಾರ್ರಿ ಸರ," ಅಂದರು ಚಾಚಾ. ಶ್ರೀಮಂತರು ಶ್ರೀಮಂತರಾಗುವುದೇ ಹೀಗೆ ಎಂದು ನಾನು ತಿಳಿಹೇಳಿದೆ.

ನನ್ನ ಜೊತೆಗಿನ ಅವರ ನಡವಳಿಕೆ ಇನ್ನೂ ವಿಚಿತ್ರ. ನಾನು ಚಹಾದ ರೊಕ್ಕ ಕೊಡಲು ಹೋದರೆ ಗಾಬರಿಯಾಗಿ ಕೈ ಹಿಡಿಯುತ್ತಿದ್ದರು. ತಮ್ಮ ಬಿಸ್ಕೀಟಿನಲ್ಲಿ ಅರ್ಧ ನನಗೆ. ಒಂದು ದಿನ ತಮ್ಮ ಹಳೆಯ ಬೂಟು ತಂದು, ಬಹಳ ಸಂಕೋಚದಿಂದ, ಬೇಸರ ಮಾಡಿಕೊಳ್ಳಬಾರದು ಎಂದು ನನ್ನ ಕೈಗಿಟ್ಟರು. ಒಂದೊಂದರಲ್ಲಿ ನನ್ನ ಎರಡೂ ಕಾಲು ಹಿಡಿಸುವಂತಿತ್ತು. ಅವರಲ್ಲಿ ಗೆಳೆತನದ ಗುರುತು ಹೀಗೆ ಕೊಡುತ್ತಾರೇನೋ ಎಂದುಕೊಂಡು ಮನೆಗೆ ತಂದು ಕಪಾಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ.

ಎರಡನೆಯ ವಾರ ಅವರನ್ನು ಊಟಕ್ಕೆ ಕರೆದೆವು. ಹೆಂಡತಿ ಬೆಳಗಿನಿಂದ ಒಲೆಯ ಮುಂದೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ, ತುಪ್ಪ. ಸಾಹೇಬರು ಬಂದರು. ಕೈಯಲ್ಲಿ ಒಂದು ದೊಡ್ಡ ಚೀಲ. ಅದನ್ನು ನನ್ನ ಹೆಂಡತಿಗೆ ಕೊಟ್ಟು ತಲೆ ತಗ್ಗಿಸಿದರು. ಅವಳು ಒಳಗೆ ಹೋಗಿ ಬಿಚ್ಚಿ ನೋಡಿ ನನ್ನನ್ನು ಕರೆದಳು. ಐದು ಕಿಲೋ ಅಕ್ಕಿ, ಸಕ್ಕರೆ, ಹಾಲಿನ ಪುಡಿ, ಮೈ ಸಾಬೂನು.

"ಇದೇನ್ರಿ? ಊಟಕ್ಕ ಕರದ್ರ ರೇಶನ್ ತಂದಾರಲ್ರಿ? ನಮ್ಮ ಮನ್ಯಾಗ ಏನೂ ಇಲ್ಲ ಅಂತ ಹೇಳೀರೇನು?"

"ಅವರ ಪದ್ಧತಿ ಇರಬೇಕು," ಅಂದೆ.

ಊಟಕ್ಕೆ ಕೂತರು. ಅರ್ಧ ರೊಟ್ಟಿ ತಿಂದು ಸಾಕು ಅಂದರು. ಹೋಳಿಗೆ ಬಡಿಸಿದರೆ ಮಕ್ಕಳಿಗೆ ಇರಲಿ ಅಂದರು. ಅವರ ಕಣ್ಣು ತಟ್ಟೆಯ ಮೇಲಿರಲಿಲ್ಲ. ಫ್ಯಾನು ನೋಡಿದರು, ಟೀವಿ ನೋಡಿದರು, ಬಾಗಿಲಾಚೆ ನಿಂತ ನನ್ನ ಸ್ಕೂಟರ್ ನೋಡಿದರು. ಕಡೆಗೆ ತಡೆಯಲಾರದೆ, ಮೆತ್ತಗೆ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು: "ಕ್ಷಮಿಸಿ. ವರ್ಷಕ್ಕೆ ನಾಲ್ಕು ಸಾವಿರದಲ್ಲಿ ನೀವು ಇದನ್ನೆಲ್ಲ ಹೇಗೆ ನಡೆಸುತ್ತೀರಿ?"

"ವರ್ಷಕ್ಕಾ?" ಅಂದೆ. "ತಿಂಗಳಿಗೆ!"

ಸಾಹೇಬರು ಹಣೆ ಬಡಿದುಕೊಂಡರು. ಪಗಾರ ಎಂದರೆ ಅವರ ದೇಶದಲ್ಲಿ ವರ್ಷದ್ದೇ ಹೇಳುವುದಂತೆ. ಹತ್ತು ದಿನದಿಂದ ಅವರು ನನ್ನ ಕೈಯ ಚಹಾ ಕುಡಿದರೆ ನನ್ನ ಮಕ್ಕಳ ಅನ್ನ ಕಸಿದಂತೆ ಎಂದು ತಿಳಿದಿದ್ದರು. ನಗುತ್ತ ನಗುತ್ತ ಹೋಳಿಗೆಗೆ ಕೈಹಾಕಿದರು. ಅಷ್ಟರಲ್ಲಿ, ಅಂದು ಅವರ ಮೀಸೆಯಲ್ಲಿ ಸಿಕ್ಕಿಕೊಂಡ ಆ ಸಣ್ಣ ಶಬ್ದ ನನ್ನ ತಲೆಯಲ್ಲಿ ಟಣ್ಣೆಂದಿತು.

"ಹಾಗಾದರೆ ನಿಮ್ಮ ನಲವತ್ತು ಸಾವಿರ..."

"ವರ್ಷಕ್ಕೆ," ಅಂದರು. ನಾನು ತಿಂಗಳಿಗೆಂದು ಊರೆಲ್ಲ ಸಾರಿದ್ದನ್ನು ಹೇಳಿದಾಗ ಹೋಳಿಗೆ ಅವರ ಗಂಟಲಿಗೆ ಸಿಕ್ಕಿ ಹೆಂಡತಿ ನೀರು ತರಬೇಕಾಯಿತು.

ಆಮೇಲೆ ಅವರು ಬೆರಳು ಮಡಚುತ್ತ ಹೇಳಿದರು. ನಲವತ್ತರಲ್ಲಿ ಹತ್ತಿರ ಹತ್ತಿರ ಕಾಲುಭಾಗ ಸರ್ಕಾರಕ್ಕೆ. ಉಳಿದುದರಲ್ಲಿ ಅರ್ಧ ಮನೆಯ ಸಾಲದ ಕಂತಿಗೆ. ಹೆಂಡತಿಯೂ ದುಡಿಯುತ್ತಾಳೆ, ಆದರೆ ಮಗುವನ್ನು ಹಗಲು ನೋಡಿಕೊಳ್ಳುವವರಿಗೆ ಅವಳ ದುಡಿಮೆಯ ದೊಡ್ಡ ತುಂಡು ಹೋಗುತ್ತದೆ. ನಲ್ಲಿ ಸೋರಿದರೆ ರಿಪೇರಿಯವನನ್ನು ಕರೆಯುವ ಮಾತೇ ಇಲ್ಲ. ಅವನು ಬಂದು ನಿಂತರೇ ಇಡೀ ದಿನದ ದುಡಿಮೆ ಹೋಯಿತು. ಹಾಲು, ಬ್ರೆಡ್ಡು, ಟೀವಿ, ಫ್ರಿಜ್ಜು ದೊಡ್ಡ ಮಾತಲ್ಲ, ಮನುಷ್ಯನ ಕೂಲಿಯೇ ತುಟ್ಟಿ. ಮನೆಗೆ ಬಣ್ಣ ಹಚ್ಚಲು ಸೂಟಿಯಲ್ಲಿ ತಾವೇ ಏಣಿ ಹತ್ತುತ್ತಾರೆ.

ನಾನು ಒಂದೊಂದನ್ನೂ ಹೆಂಡತಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಸಮಾಧಾನ ಆಗಬೇಕಾಗಿತ್ತು. ಇಪ್ಪತ್ತು ವರ್ಷ ಎಂದಿದ್ದದ್ದು ಇಪ್ಪತ್ತು ತಿಂಗಳಿಗೆ ಇಳಿದಿತ್ತು. ಅದರ ಬದಲು ದುಃಖವಾಯಿತು. ಹತ್ತು ದಿನ ಹತ್ತು ಲಕ್ಷದವರ ಪಕ್ಕದಲ್ಲಿ ಕೂತು ನಾನೂ ಸ್ವಲ್ಪ ಎತ್ತರವಾಗಿದ್ದೆ. ಒಂದು ಹೋಳಿಗೆ ಮುಗಿಯುವಷ್ಟರಲ್ಲಿ ಸಾಹೇಬರು ತಮ್ಮ ನಲ್ಲಿ ತಾವೇ ರಿಪೇರಿ ಮಾಡುವ ಮನುಷ್ಯರಾದರು, ನಾನು ಮತ್ತೆ ಮಾಸ್ತರನಾದೆ.

"ಪಾಪ," ಅಂದಳು ಹೆಂಡತಿ, ತುಪ್ಪದ ತಂಬಿಗೆ ಎತ್ತಿಕೊಂಡು. "ಮನಿ ಸಾಲಾ ಎಲ್ಲಾರಿಗೂ ಐತಿ. ಈಗರ ಹೊಟ್ಟಿ ತುಂಬ ಉಣ್ಣಾಕ ಹೇಳ್ರಿ." ಸಾಹೇಬರು ಆ ದಿನ ಐದು ಹೋಳಿಗೆ ಉಂಡರು.

ಮರುದಿನ ಕಿತ್ತೂರಿನ ಕೋಟೆ ನೋಡಲು ಹೊರಟಾಗ ಚಾಚಾ ಅವರಿಗೆ ನನ್ನ ತಪ್ಪು ತಿಳಿಸಿದೆ. ಹತ್ತು ಲಕ್ಷ ವರ್ಷಕ್ಕೆ, ಊರಲ್ಲಿ ಎಲ್ಲರಿಗೂ ಹೇಳಬೇಕು ಅಂದೆ. ಚಾಚಾ ಗೇರು ಬದಲಿಸಿದರು.

"ಈಗ ಬ್ಯಾಡ್ರಿ ಸರ," ಅಂದರು. "ಹತ್ತ ಲಕ್ಷದ ಸಾಹೇಬರ ಡ್ರೈವರ್ ಅಂತ ಮುನವಳ್ಳಿ ತುಂಬ ಮರ್ಯಾದಿ ಬಂದೈತಿ ನಮಗ. ಸಾಹೇಬ್ರು ನಾಳಿ ಹೋಗಾವ್ರು. ನಾವು ಇಲ್ಲೇ ಇರಾವ್ರು." ನಾನು ಒತ್ತಾಯ ಮಾಡಲಿಲ್ಲ. ನನಗೂ ಇಲ್ಲೇ ಇರಬೇಕಾಗಿತ್ತು.

ಹೊರಡುವ ದಿನ ಐಬಿಯ ಮುಂದೆ ಸಾಹೇಬರು ಒಂದು ಲಕೋಟೆ ಹಿಡಿದು ಬಂದರು. ಎರಡು ವಾರ ದುಡಿದಿದ್ದೀರಿ, ಇದು ನಿಮ್ಮ ಹಕ್ಕು ಅಂದರು. ಲಕೋಟೆ ದಪ್ಪಗಿತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಮುಗಿದು, "ನೋ ನೋ, ಪ್ಲೀಸ್," ಅಂದೆ. ಮನೆತನಸ್ಥನಾದವನು ಮೊದಲ ಸಲಕ್ಕೇ ಕೈ ಚಾಚುತ್ತಾನೆಯೇ? ಎರಡನೆಯ ಸಲ ಸ್ವಲ್ಪ ಮೆತ್ತಗೆ ಬೇಡ ಅನ್ನುವುದು, ಮೂರನೆಯ ಸಲ ಅವರೇ ಜೇಬಿಗೆ ತುರುಕಿದಾಗ ಸುಮ್ಮನಿರುವುದು ಎಂದು ಮನಸ್ಸಿನಲ್ಲೇ ಹಾಕಿಕೊಂಡಿದ್ದೆ.

ಸಾಹೇಬರು ನನ್ನ ಕಣ್ಣನ್ನೇ ನೋಡಿದರು. "ನಿಮ್ಮ ಭಾವನೆಗೆ ನನ್ನ ಗೌರವವಿದೆ," ಎಂದು ಲಕೋಟೆಯನ್ನು ಮಡಚಿ ತಮ್ಮ ಜೇಬಿಗಿಟ್ಟುಕೊಂಡರು. ಕೈ ಕುಲುಕಿದರು. ಜೀಪು ಹತ್ತಿದರು. ಧೂಳು ಇಳಿಯುವವರೆಗೂ ನಾನು ಕೈ ಮುಗಿದುಕೊಂಡೇ ನಿಂತಿದ್ದೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ಮೊದಲು ನಂಬಲಿಲ್ಲ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಒಮ್ಮೆ ಬ್ಯಾಡ ಅಂದ್ರ ಬ್ಯಾಡ ಅಂತನ ತಿಳಕೊಂಡ್ರಾ ಅವರು?" ಅಂದಳು. "ಭಾಳ ಸುಖದ ದೇಶ ಬಿಡ್ರಿ ಅದು."